ಜಯಶೀಲಣ್ಣನ ಬ್ಯಾಟಿಂಗ್ ಸಾಲು

ಡೊಂಬಿವಲಿ ಪೂರ್ವದಲ್ಲಿ ಸ್ಟೇಷನ್ನಿನ ಸೇತುವೆ ಇಳಿದು ಬಂದರೆ ಮೊದಲ ತಿರುವಿನಲ್ಲೇ ಹೋಟೆಲ್ ಪಂಚಮಿ. ಆ ವರ್ಷ ದೀಪಾವಳಿ ಕಳೆದ ಮೇಲೆ ಅಲ್ಲಿ ತಿಂಡಿಗೆ ಕೂತವರಿಗೆಲ್ಲ ಇಡ್ಲಿ, ಚಟ್ನಿ, ಸಾಂಬಾರಿನ ಜೊತೆ ಒಂದು ಚರ್ಚೆಯೂ ಬಿಟ್ಟಿಯಾಗಿ ಸಿಗುತ್ತಿತ್ತು. ನಮ್ಮೂರ ಬೇಸ್‌ಬಾಲ್ ತಂಡ ಗರುಡ ಯಾಕೆ ಸೋಲುತ್ತಿದೆ?

ಬ್ಯಾಂಕಿಗೆ ಹೋಗುವ ಒಬ್ಬರು ಜರ್ಸಿಯ ಬಣ್ಣವೇ ಸರಿಯಿಲ್ಲ ಎನ್ನುತ್ತಿದ್ದರು. ದಿನಾ ಉಪ್ಪಿಟ್ಟು ಕಟ್ಟಿಸಿಕೊಳ್ಳುವ ಮರಾಠಿ ಕಾಕು ಒಬ್ಬರಿಗೆ ಮುಹೂರ್ತದ ಮೇಲೆ ಅನುಮಾನ. ನಮ್ಮ ಕಾಪು ಕಡೆಯವರೊಬ್ಬರು ಮೈದಾನಕ್ಕೆ ಖುದ್ದು ಹೋಗಿ ನೋಡಿ ಬಂದು, ಆಟಗಾರರ ಬೆಂಚು ದಕ್ಷಿಣಕ್ಕೆ ಮುಖ ಮಾಡಿದೆ, ಅದನ್ನು ತಿರುಗಿಸುವ ತನಕ ಬ್ರಹ್ಮ ಬಂದರೂ ಗೆಲ್ಲಿಸಲಾರ ಎಂದು ತೀರ್ಪು ಕೊಟ್ಟಿದ್ದರು. ಹುಡುಗರಿಗೆ ಪಂಚಮಿಯ ತುಪ್ಪದ ದೋಸೆ ಹೆಚ್ಚಾಗಿ ಹೊಟ್ಟೆ ಬಂದಿದೆ, ಓಡುವುದು ಹೇಗೆ ಎಂದವರೂ ಇದ್ದರು. ಅವರು ಹಾಗೆಂದದ್ದು ಅದೇ ತುಪ್ಪದ ದೋಸೆ ತಿನ್ನುತ್ತಾ.

ಗಲ್ಲಾದ ಮೇಲೆ ಕೂತ ಜಯಶೀಲ ಎಲ್ಲವನ್ನೂ ಕೇಳುತ್ತಿದ್ದರು. ಚಿಲ್ಲರೆ ಕೊಡುತ್ತಾ ಒಂದೇ ಉತ್ತರ ಕೊಡುತ್ತಿದ್ದರು. "ಶನಿವಾರದ ಮ್ಯಾಚ್ ನಮ್ಮದೇ. ನೀವು ನೋಡ್ತಾ ಇರಿ."

ಶನಿವಾರ ಬರುತ್ತಿತ್ತು. ಗರುಡ ಸೋಲುತ್ತಿತ್ತು. ಭಾನುವಾರ ಬೆಳಿಗ್ಗೆ ಜಯಶೀಲ ಅದೇ ಇಸ್ತ್ರಿ ಮಾಡಿದ ಬಿಳಿ ಅಂಗಿ, ಅದೇ ಗಂಧದ ಬೊಟ್ಟಿನಲ್ಲಿ ಬಂದು ಕೂರುತ್ತಿದ್ದರು. "ಮುಂದಿನ ಶನಿವಾರ ನಮ್ಮದೇ. ಮತ್ತೆ ಎಂತ ಕೊಡ್ಲಿ, ಕಾಫಿಯಾ?"

ಅವರ ಮುಖ ನೋಡಿದರೆ ಸೋತವರು ಯಾರೋ ಬೇರೆಯವರು ಅನಿಸಬೇಕು.

ಈ ಜಯಶೀಲ ಯಾರು, ಹೋಟೆಲಿನವರಿಗೂ ಬೇಸ್‌ಬಾಲಿಗೂ ಎಲ್ಲಿಯ ನಂಟು ಎಂದು ಕೇಳಿದರೆ, ಅದಕ್ಕೆ ಉಲ್ಹಾಸನಗರಕ್ಕೆ ಹೋಗಬೇಕು.

ಶಿರ್ವದ ಕಡೆಯಿಂದ ಮಾವನ ಕೈ ಹಿಡಿದುಕೊಂಡು ಬಂದಾಗ ಅವರಿಗಿನ್ನೂ ಮೀಸೆ ಮೂಡಿರಲಿಲ್ಲ. ಉಲ್ಹಾಸನಗರದ ಬಟ್ಟೆ ಬಜಾರಿನ ಹಿಂದೆ ಒಂದು ಹೋಟೆಲು. ಅಲ್ಲಿ ಸೇರಿದವನು ಮೊದಲು ಕ್ಲೀನರ್. ಟೇಬಲ್ ಒರೆಸಬೇಕು, ಲೋಟ ತೊಳೆಯಬೇಕು. ಮೇಲಿನವನು ಒಂದು ಮೆಟ್ಟಿಲು ಹತ್ತಿದರೆ ಇವನು ಸಪ್ಲಯರ್. ಆಮೇಲೆ ಚಹಾದ ಕಟ್ಟೆ, ಆಮೇಲೆ ದೋಸೆಯ ಕಾವಲಿ. ಕೊನೆಗೆ ಮಾಲೀಕ ಸೇಠ್ರಿಗೆ ನಂಬಿಕೆ ಬಂದರೆ ಗಲ್ಲಾ. ಮೊದಲು ಬಂದವನು ಮೊದಲು ಹತ್ತುತ್ತಾನೆ, ಹಿಂದೆ ಬಂದವನು ಕಾಯುತ್ತಾನೆ. ಸೇಠ್ರ ಸ್ವಂತ ಅಳಿಯ ಬಂದಾಗಲೂ ಲೋಟ ತೊಳೆದೇ ಮೇಲೆ ಬಂದ. ಜಯಶೀಲರನ್ನು ಯಾರೂ ದಾಟಿ ಹೋಗಲಿಲ್ಲ, ಅವರೂ ಯಾರನ್ನೂ ದಾಟಲಿಲ್ಲ. ಊರು ಬಿಟ್ಟು ಬಂದ ಹುಡುಗನಿಗೆ ಈ ದೊಡ್ಡ ಶಹರದಲ್ಲಿ ನ್ಯಾಯ ಎಂದರೆ ಏನೆಂದು ಕಲಿಸಿದ್ದು ಆ ಏಣಿಯೇ.

ಸಂಜೆ ಹೊತ್ತಿಗೆ ಹೋಟೆಲಿನ ಹುಡುಗರೆಲ್ಲ ಕನ್ನಡದ ರಾತ್ರಿ ಶಾಲೆಗೆ ಹೋಗುತ್ತಿದ್ದರು. ಅಲ್ಲಿಯ ವ್ಯಾಯಾಮದ ಮಾಸ್ತರರಿಗೆ ಬೇಸ್‌ಬಾಲಿನ ಹುಚ್ಚು. ವಾರದ ರಜೆಯ ದಿನ ಮಧ್ಯಾಹ್ನ ಅವರು ಹುಡುಗರನ್ನು ಕಲ್ಯಾಣದ ಬಯಲಿಗೆ ಎಬ್ಬಿಸಿಕೊಂಡು ಹೋಗಿ, ನೆಲದ ಮೇಲೆ ಸುಣ್ಣದಲ್ಲಿ ಒಂದು ಚೌಕ ಎಳೆದು ಹೇಳುತ್ತಿದ್ದರು. "ನೋಡಿ, ಈ ಮೂಲೆ ನಿಮ್ಮ ಮನೆ. ಕೋಲಿನಿಂದ ಚೆಂಡಿಗೆ ಹೊಡೆದು ಮನೆ ಬಿಟ್ಟು ಓಡಬೇಕು. ಮಿಕ್ಕ ಮೂರು ಮೂಲೆ ಮುಟ್ಟಿ ವಾಪಸು ಮನೆ ಸೇರಿದರೆ ಒಂದು ರನ್. ನಡುವೆ ಸಿಕ್ಕಿಬಿದ್ದರೆ ಔಟ್. ಮೂವರು ಔಟಾದರೆ ಎದುರಿನವರ ಸರದಿ." ಮನೆ ಬಿಟ್ಟು ಬಂದ ಹುಡುಗರಿಗೆ ಆ ಆಟ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಜಯಶೀಲರಿಗೆ ಅದು ರಕ್ತಕ್ಕೇ ಇಳಿಯಿತು. ಮುಂದೆ ಡೊಂಬಿವಲಿಗೆ ಬಂದು ಸ್ವಂತ ಹೋಟೆಲು ಇಟ್ಟರೂ ಭಾನುವಾರದ ಬೆಳಿಗ್ಗೆಯನ್ನು ಅವರು ಹೋಟೆಲಿಗೆ ಕೊಡಲಿಲ್ಲ. ಪಕ್ಕದ ಶಾಲೆಯ ಮೈದಾನದಲ್ಲಿ ಓಣಿಯ ಮಕ್ಕಳನ್ನು ಸೇರಿಸಿ ಆಡಿಸಿದರು. ಅಲ್ಲಿಯೂ ಹೋಟೆಲಿನದೇ ಏಣಿ. ಹೊಸಬ ಮೊದಲು ಚೆಂಡು ಹೆಕ್ಕಬೇಕು, ಆಮೇಲೆ ಮೈದಾನ ಕಾಯಬೇಕು. ಬ್ಯಾಟಿಂಗ್ ಸಾಲಿನಲ್ಲಿ ಕೊನೆಯವನಾಗಿ ಸೇರಿ ಒಂದೊಂದೇ ಮೆಟ್ಟಿಲು ಹತ್ತಬೇಕು. ಒಂಬತ್ತು ಜನರ ಸಾಲು, ಸೇರಿದ ಕ್ರಮದಲ್ಲೇ. ಅದರಿಂದ ಒಳ್ಳೆಯದೇ ಆಯಿತು ಎನ್ನಬೇಕು. ಯಾವ ಹುಡುಗನೂ ಬಿಟ್ಟು ಹೋಗಲಿಲ್ಲ. ತಾನು ಕಾದರೆ ತನ್ನ ಸರದಿ ಬಂದೇ ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಪುಂಡರೀಕಾಕ್ಷ ಎಂಬ ಹುಡುಗ ಹಾಗೆ ಚೆಂಡು ಹೆಕ್ಕಲು ಬಂದವನು. ಹೆಂಡತಿ ಮಕ್ಕಳಾಗಿ, ಕಲ್ಯಾಣದಲ್ಲಿ ಮನೆ ಮಾಡಿ, ಕಿವಿಯ ಮೇಲೆ ಕೂದಲು ನರೆತ ಮೇಲೂ ಪ್ರತಿ ಭಾನುವಾರ ಬರುತ್ತಿದ್ದ. ಸಾಲಿನಲ್ಲಿ ಈಗ ಅವನೇ ಮೊದಲಿಗ.

ಹೀಗಿರುವಾಗ ಪ್ರೊಫೆಷನಲ್ ಲೀಗ್ ಬಂತು. ಠಾಣೆ, ವಾಶಿ, ಪನವೇಲ್, ಹೀಗೆ ಆರು ಊರುಗಳ ಆರು ತಂಡ. ಆಟಗಾರರಿಗೆ ಸಂಬಳ, ವರ್ಷದ ಕರಾರು. ಡೊಂಬಿವಲಿಯ ತಂಡವನ್ನು ಪಡೆದವರು ಠಾಣೆಯ ಕೋಪರಿಯಲ್ಲಿ ದೊಡ್ಡ ಕೇಟರಿಂಗ್ ಇರುವ ಪ್ರೇಮನಾಥ. ಅವರು ನೇರ ಪಂಚಮಿಗೆ ಬಂದು, "ಜಯಣ್ಣ, ಹೆಸರು ಗರುಡ ಅಂತ ಇಟ್ಟಿದ್ದೇನೆ. ಹಾರಿಸುವ ಕೆಲಸ ನಿಮ್ಮದು" ಎಂದರು. ಜಯಶೀಲ ತಂಡಕ್ಕೆ ಮ್ಯಾನೇಜರೂ ಆದರು, ಕೋಚೂ ಆದರು. ತಮ್ಮ ಭಾನುವಾರದ ಹುಡುಗರಲ್ಲಿ ಐವರನ್ನು ಇಟ್ಟುಕೊಂಡರು, ಉಳಿದವರನ್ನು ಹೊರಗಿನಿಂದ ತಂದರು. ಹಾಗೆ ಬಂದವರಲ್ಲಿ ಕೊನೆಯವನು ಕೋಪರಖೈರಣೆಯ ಸೂರಜ್. ವಾಶಿ ಮಾರುಕಟ್ಟೆಯಲ್ಲಿ ದುಡಿಯುವ ಕಾರ್ಕಳದವರೊಬ್ಬರ ಮಗ. ಅವನು ಹೊಡೆದ ಚೆಂಡು ಒಮ್ಮೊಮ್ಮೆ ಮೈದಾನದ ಬೇಲಿ ದಾಟಿ ರಸ್ತೆಗೆ ಹೋಗುತ್ತಿತ್ತು.

ಮೊದಲ ಪಂದ್ಯದ ದಿನ ಜಯಶೀಲ ಬ್ಯಾಟಿಂಗ್ ಸಾಲನ್ನು ಹೋಟೆಲಿನಲ್ಲಿ ಆರ್ಡರ್ ಕೂಗುವ ಹಾಗೆ ಕೂಗಿದರು. ಮೊದಲು ಪುಂಡರೀಕಾಕ್ಷ. ಆಮೇಲೆ ಭಾನುವಾರದ ಉಳಿದ ನಾಲ್ವರು. ಆಮೇಲೆ ಹೊರಗಿನವರು, ಸಹಿ ಹಾಕಿದ ಕ್ರಮದಲ್ಲಿ. ಕಟ್ಟಕಡೆಗೆ ಸೂರಜ್.

ಆಗಿದ್ದೇನೆಂದರೆ ಇಷ್ಟು. ಪುಂಡರೀಕಾಕ್ಷನ ಕಣ್ಣು ಇನ್ನೂ ಚುರುಕು, ಹೇಗೋ ಹೊಡೆದು ಒಂದನೇ ಮೂಲೆ ಮುಟ್ಟುತ್ತಿದ್ದ. ಆದರೆ ಮಂಡಿ ಮೊದಲಿನದಲ್ಲ. ಬೇಸ್‌ಬಾಲಿನಲ್ಲಿ ಮುಂದೆ ಓಡುತ್ತಿರುವವನನ್ನು ಹಿಂದಿನವನು ದಾಟುವಂತಿಲ್ಲ, ದಾಟಿದರೆ ಔಟ್. ಬೆಳಗಿನ ಹೊತ್ತು ಡೊಂಬಿವಲಿ ಸೇತುವೆಯ ಮೆಟ್ಟಿಲಲ್ಲಿ ಮುಂದೊಬ್ಬರು ನಿಧಾನ ಹತ್ತಿದರೆ ಹಿಂದಿನವರ ಗಾಡಿ ತಪ್ಪುವುದಿಲ್ಲವೇ, ಹಾಗೆ ಅವನ ಹಿಂದೆ ಚಿಗರೆಯಂಥ ಹುಡುಗರೆಲ್ಲ ಕುಂಟುತ್ತಾ ಬಂದರು. ಅಷ್ಟರಲ್ಲಿ ಮೂವರು ಔಟಾಗಿ ಸರದಿ ಮುಗಿಯುತ್ತಿತ್ತು. ಸೂರಜ್ ಹೆಲ್ಮೆಟ್ ಹಾಕಿ, ಬ್ಯಾಟು ಹಿಡಿದು, ತನ್ನ ಹೆಸರು ಬರುವ ತನಕ ಬೆಂಚಿನ ತುದಿಯಲ್ಲಿ ಕೂತೇ ಇರುತ್ತಿದ್ದ.

ಭಾನುವಾರದ ಹುಡುಗರು ವರ್ಷಗಟ್ಟಲೆ ಕಾಯಬಲ್ಲರು. ಒಂದೇ ವರ್ಷದ ಕರಾರಿನವನು ಎಷ್ಟೆಂದು ಕಾದಾನು? ಬೆಂಚಿನ ಆ ತುದಿಯಲ್ಲಿ ಮಾತು ಕಡಿಮೆಯಾಯಿತು. ಜಯಶೀಲರು ಅದನ್ನು ಶಿಸ್ತು ಎಂದುಕೊಂಡರು.

ಲೀಗಿನ ಕೊನೆಯ ಪಂದ್ಯಕ್ಕೆ ಒಂದು ವಾರ ಉಳಿದಿದ್ದಾಗ ಪ್ರೇಮನಾಥ ಠಾಣೆಯಿಂದ ಬಂದರು. ಮೂಲೆ ಟೇಬಲಿನಲ್ಲಿ ಕೂತು, ಮಸಾಲೆ ದೋಸೆಯನ್ನು ಮುಟ್ಟದೆ ನೋಡಿದರು.

"ಜಯಣ್ಣ, ನಾವೂ ಪನವೇಲಿನವರೂ ತಳದಲ್ಲಿ ಇದ್ದೇವೆ. ಶನಿವಾರ ನಮಗೂ ಅವರಿಗೂ ಮ್ಯಾಚ್. ಸೋತವರು ಕೊನೆಗೆ. ಕೊನೆಗೆ ಬಂದ ತಂಡವನ್ನು ಮುಂದಿನ ವರ್ಷ ಲೀಗಿನಿಂದ ತೆಗೀತಾರೆ. ಗೊತ್ತುಂಟಲ್ಲ?"

"ಗೊತ್ತುಂಟು. ಶನಿವಾರ ನಮ್ಮದೇ."

"ನೀವು ಇದನ್ನೇ ಹೇಳ್ತೀರಿ ಅಂತ ದಾರಿಯಲ್ಲೇ ಡ್ರೈವರಿಗೆ ಹೇಳಿದ್ದೆ." ಪ್ರೇಮನಾಥ ನಗಲಿಲ್ಲ. "ತೆಗೆದರೆ ನಾನು ಹೋಗಿ ಜಗಳ ಮಾಡುವುದಿಲ್ಲ ಆಯ್ತಾ. ಡೊಂಬಿವಲಿಯಲ್ಲಿ ಬೇಸ್‌ಬಾಲ್ ಮತ್ತೆ ನಿಮ್ಮ ಭಾನುವಾರಕ್ಕೇ."

"ದೋಸೆ ಆರ್ತದೆ, ತಿನ್ನಿ ಮಾರಾಯ್ರೆ."

ಮರುದಿನ ಅಭ್ಯಾಸ ಮುಗಿದ ಮೇಲೆ ಸೂರಜ್ ಹತ್ತಿರ ಬಂದ. ಅವನಿಗೆ ಕನ್ನಡ ಪೂರಾ ಅರ್ಥವಾಗುತ್ತದೆ, ನಾಲಗೆ ಮಾತ್ರ ಹಿಂದಿಗೇ ತಿರುಗುತ್ತದೆ.

"ಅಣ್ಣಾ, ಬುರಾ ಮತ್ ಮಾನೋ. ವಾಶಿವಾಲೋಂನೇ ಪೂಛಾ ಹೈ."

ವಾಶಿಯ ತಂಡದವರು ಮುಂದಿನ ವರ್ಷಕ್ಕೆ ಕೇಳಿದ್ದಾರೆ. ಕೇಳುವುದು ಸಹಜವೇ.

"ನೀನು ಎಂತ ಹೇಳಿದೆ?"

"ಅಭೀ ತಕ್ ಕುಛ್ ನಹೀ. ಅಣ್ಣಾ, ಲೇಕಿನ್ ಮೈ ಲಾಸ್ಟ್ ನಂಬರ್ ಪೇ ಕ್ಯೂಂ?"

"ನೀನು ಕೊನೆಗೆ ಬಂದದ್ದಲ್ವಾ. ನಿನ್ನ ಸರದಿ ಬರ್ತದೆ."

ಸೂರಜ್ ಬೂಟಿನ ಮಣ್ಣು ಕೊಡವಿದ. "ಬರ್ತದೆ ಅಣ್ಣಾ," ಎಂದ, ಅಪರೂಪಕ್ಕೆ ಕನ್ನಡದಲ್ಲಿ. "ತಬ್ ತಕ್ ಟೀಮ್ ರಹೇಗೀ ಕ್ಯಾ?"

ಅಲ್ಲಿಯ ತನಕ ತಂಡ ಉಳಿದೀತೇ ಎಂಬ ಆ ಮಾತು ಜಯಶೀಲರಿಗೆ ಕಲ್ಲು ಸಿಕ್ಕ ಅನ್ನದ ಹಾಗಾಯಿತು. ಆದರೂ ನುಂಗಿದರು. ನಿನ್ನೆ ಮೊನ್ನೆ ಬಂದವನಿಗೋಸ್ಕರ ಪುಂಡರೀಕಾಕ್ಷನನ್ನು ಇಳಿಸುವುದೇ? ಹಾಗಾದರೆ ಉಲ್ಹಾಸನಗರದಲ್ಲಿ ತಾನು ತೊಳೆದ ಲೋಟಗಳಿಗೆ ಏನರ್ಥ?

ಸೋಮವಾರ ಬಂತು. ಸಾಲು ರಜೆ ಮುಗಿದು ಶಾಲೆ, ಆಫೀಸು ಎಲ್ಲ ಒಟ್ಟಿಗೇ ತೆರೆದ ದಿನ. ಪಂಚಮಿಯ ಬಾಗಿಲಿನಲ್ಲಿ ಜನ ಲೋಕಲ್ ಗಾಡಿಯ ಹಾಗೆ ಜೋತುಬಿದ್ದಿದ್ದರು. ಗಲ್ಲಾದಲ್ಲಿ ಜಯಶೀಲ. ಪಕ್ಕದ ಕಿಟಕಿಯಲ್ಲಿ ಪಾರ್ಸೆಲ್ ಕೊಡುತ್ತಾ ಅವರ ಹೆಂಡತಿ ಉಮಾವತಿ. ಒಳಗೆ ಕಾವಲಿಯ ಮುಂದೆ ಚನಿಯ, ಹೋಟೆಲು ಶುರುವಾದಂದಿನಿಂದ ಇರುವ ಹಿರಿಯ. ಕಾವಲಿ ಅವನದೇ, ಅದರಲ್ಲಿ ಎರಡು ಮಾತಿಲ್ಲ. ದೋಸೆಯೂ ನಕ್ಷೆ ಬರೆದ ಹಾಗೆ ದುಂಡಗೆ. ಆದರೆ ಅವನ ಕೈ ಈಗ ನಿಧಾನ. ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತಿದ್ದವನು ರಾಯಚೂರಿನ ಮಾನಪ್ಪ. ಬಂದು ವರ್ಷವೂ ಆಗಿಲ್ಲ, ಕೈ ಮಾತ್ರ ಗಿರಗಿಟ್ಲೆ.

"ಎರಡು ಮಸಾಲೆ, ಮೂರು ಸಾದಾ, ಒಂದು ಈರುಳ್ಳಿ!" ಸಪ್ಲಯರ್ ಕೂಗಿದ. ಹಿಂದೆಯೇ ಇನ್ನೊಬ್ಬ. ಅವನ ಹಿಂದೆ ಮತ್ತೊಬ್ಬ.

ಜಯಶೀಲ ಗಲ್ಲಾದಿಂದಲೇ ಕತ್ತು ಹೊರಳಿಸಿದರು. "ಚನಿಯಣ್ಣ, ಸಾಂಬಾರು ಒಮ್ಮೆ ನೋಡಿ ಬಾ ಮಾರಾಯ. ಹುಳಿ ಮುಂದಾಗಿದಾ ಅಂತ."

ಚನಿಯ ಸಟ್ಟುಗ ಇಟ್ಟು ಒಳಕ್ಕೆ ಹೋದ. ಮಾನಪ್ಪ ಯಾರೂ ಹೇಳದೆ ಕಾವಲಿಯ ಮುಂದೆ ಬಂದು ನಿಂತ. ಚೊಂಯ್ ಎಂದು ನೀರು ಬಿತ್ತು, ಹಿಟ್ಟು ಸುತ್ತಿತು, ದೋಸೆಗಳು ಒಂದರ ಹಿಂದೆ ಒಂದು ಎದ್ದವು. ಬಾಗಿಲಿನ ಗುಂಪು ನೋಡ ನೋಡುತ್ತಾ ಕರಗಿ ಸ್ಟೇಷನ್ನಿನ ಕಡೆ ಹರಿಯಿತು.

ಗಲಾಟೆ ಇಳಿದ ಮೇಲೆ ಗಂಡ ಹೆಂಡತಿ ಮೂಲೆಯಲ್ಲಿ ಕಾಫಿಗೆ ಕೂತರು.

"ಚನಿಯನ ಸಾಂಬಾರು ಹುಳಿಯಾಗಿತ್ತಾ?" ಉಮಾವತಿ ಕೇಳಿದರು.

"ಎಂತ ಹುಳಿ. ಅವನ ಕೈಯಲ್ಲಿ ಹುಳಿ ಆಗ್ತದಾ?"

"ಮತ್ತೆ ಕಳಿಸಿದ್ದು ಯಾಕೆ?"

"ರಶ್ ಇತ್ತಲ್ಲ ಮಾರಾಯ್ತಿ. ರಶ್ ಇರುವಾಗ ಕಾವಲಿಗೆ ಮಾನಪ್ಪನೇ ಆಗ್ಬೇಕು."

"ಓ. ಹಿಂದೆ ಬಂದವನು ಮುಂದೆ ಹೋಗ್ಬಹುದಾ ಹಾಗಾದ್ರೆ?" ಉಮಾವತಿ ಲೋಟದ ಕಾಫಿಯನ್ನು ಬಟ್ಟಲಿಗೆ ಬಗ್ಗಿಸಿದರು. "ದಿನಾ ಬೆಳಿಗ್ಗೆ ಮಾಡ್ತೀರಿ ನೀವು ಇದನ್ನು. ದಿನಾ ನೋಡ್ತೇನೆ. ಶನಿವಾರ ಮಾತ್ರ ಮರೀತೀರಿ."

ಜಯಶೀಲರಿಗೆ ಮಾತಿನ ಮೊನೆ ಎಲ್ಲಿಗೆ ತಿರುಗಿದೆ ಎಂದು ತಿಳಿಯಿತು. "ಹೋಟೆಲು ಬೇರೆ, ಆಟ ಬೇರೆ."

"ಹೌದೌದು. ಹೋಟೆಲಿನಲ್ಲಿ ಗಿರಾಕಿ ಎದ್ದು ಹೋಗ್ತಾರೆ ಅಂತ ಹೆದರಿಕೆ ಉಂಟು ನಿಮಗೆ."

ಉಮಾವತಿ ಎದ್ದು ಪಾರ್ಸೆಲಿನ ಎಲೆ ಒರೆಸಲು ಹೋದರು. ಜಯಶೀಲರ ಕಾಫಿ ಆರಿ ಕೆನೆ ಕಟ್ಟಿತು. ನಂಬಿದರೆ ನಂಬಿ, ಅಷ್ಟು ತಿಂಗಳು ಅದೇ ಗಲ್ಲಾದಲ್ಲಿ ಕೂತು ದಿನಾ ಆ ಸಾಂಬಾರಿನ ಮಾತು ಕೂಗಿದ್ದರೂ, ತಾನು ಏಣಿಯ ಮೆಟ್ಟಿಲನ್ನು ತಪ್ಪಿಸುತ್ತಿದ್ದೇನೆ ಎಂದು ಅವರಿಗೆ ಒಂದು ದಿನವೂ ಹೊಳೆದಿರಲಿಲ್ಲ. ಕೈ ತಾನಾಗಿ ಮಾಡುವ ಕೆಲಸಕ್ಕೆ ತಲೆ ಲೆಕ್ಕ ಇಡುವುದಿಲ್ಲ.

ಮಧ್ಯಾಹ್ನ ಅಡುಗೆಮನೆಗೆ ಹೋಗಿ ಚನಿಯನ ಪಕ್ಕ ಒಂದು ಡಬ್ಬದ ಮೇಲೆ ಕೂತರು.

"ಚನಿಯಣ್ಣ, ಒಂದು ಕೇಳ್ಲಿಕ್ಕುಂಟು. ಬೆಳಿಗ್ಗೆ ನಿನ್ನನ್ನು ಕಾವಲಿ ಬಿಡಿಸ್ತೇನಲ್ಲ, ಬೇಜಾರಾಗುವುದಿಲ್ವಾ?"

ಚನಿಯ ತೆಂಗಿನಕಾಯಿ ತುರಿಯುತ್ತಲೇ ಇದ್ದ. "ಎಬ್ಬಿಸಿದರೆ ಬೇಜಾರಾಗ್ತಿತ್ತು ಸೇಠ್ರೆ. ನೀವು ಬೇರೆ ಕೆಲಸಕ್ಕೆ ಕರೀತೀರಿ."

"ಎರಡೂ ಒಂದೇ ಅಲ್ವಾ?"

"ಒಂದೇ ಹೇಗೆ? ಸಾಂಬಾರು ನೋಡಲು ನೀವು ಮಾನಪ್ಪನನ್ನು ಒಂದು ದಿನವಾದ್ರೂ ಕರೆದಿದ್ದೀರಾ? ಅವನ ನಾಲಗೆಗೆ ಬರೀ ಖಾರ ಗೊತ್ತುಂಟು."

ಈರುಳ್ಳಿಯ ರಾಶಿಯ ಹಿಂದಿನಿಂದ ಮಾನಪ್ಪನ ದನಿ ಬಂತು. "ಕೇಳಸ್ತದರೀ ಯಣ್ಣಾ. ನಿಮ್ಮ ಸಾಂಬಾರದಾಗ ಬೆಲ್ಲ ಹಾಕ್ತೀರಲ್ಲ, ಅದನ್ನ ನಾ ಯಾರ ಮುಂದೂ ಹೇಳಿಲ್ಲ ನೋಡ್ರಿ."

ಅಡುಗೆಮನೆ ನಕ್ಕಿತು. ಜಯಶೀಲರು ನಗುತ್ತಲೇ ಎದ್ದರು. ಚಪ್ಪಲಿ ಮೆಟ್ಟಿ ನೇರ ಸ್ಟೇಷನ್ನಿಗೆ ನಡೆದರು.

ಕಲ್ಯಾಣದ ಪೂರ್ವಕ್ಕೆ ಪುಂಡರೀಕಾಕ್ಷನ ಮನೆ, ಎರಡನೇ ಮಾಳಿಗೆ. ಅವನು ಮಂಡಿಗೆ ಎಣ್ಣೆ ಹಚ್ಚಿಕೊಂಡು ಬಾಲ್ಕನಿಯಲ್ಲಿ ಕೂತಿದ್ದ. ಗುರುಗಳನ್ನು ಕಂಡು ಏಳಹೊರಟ.

"ಕೂತ್ಕೋ, ಕೂತ್ಕೋ." ಜಯಶೀಲರು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದರು. ಆ ಎಣ್ಣೆಯ ಮಂಡಿ ನೋಡಿದ್ದೇ ಎಲ್ಲ ಚೆಲ್ಲಾಪಿಲ್ಲಿಯಾಯಿತು.

ಪುಂಡರೀಕಾಕ್ಷನೇ ಶುರು ಮಾಡಿದ. "ನನ್ನನ್ನು ಸಾಲಿನಿಂದ ಇಳಿಸಲು ಬಂದದ್ದಾ ಅಣ್ಣ?"

"ಇಲ್ಲ," ಎಂದರು ಜಯಶೀಲ. ಆಮೇಲೆ, "ಹೌದು" ಎಂದರು.

ಕೆಳಗೆ ತರಕಾರಿ ಗಾಡಿಯವನೊಬ್ಬ ಮೇಥಿ, ಪಾಲಕ್ ಎಂದು ಕೂಗಿಕೊಂಡು ಹೋದ.

"ನಾನು ಚೆಂಡು ಹೆಕ್ಕಿ, ಕೊನೆಯಿಂದ ಮೊದಲಿಗೆ ಬರಲು ಎಷ್ಟು ವರ್ಷ ಹಿಡಿಯಿತು, ನಿಮಗೆ ನೆನಪುಂಟಾ?"

"ಉಂಟು. ಅದಕ್ಕೇ ಇಷ್ಟು ದಿನ ಬರಲಿಲ್ಲ." ಜಯಶೀಲರು ಕುರ್ಚಿ ಎಳೆದು ಹತ್ತಿರ ಕೂತರು. "ನೋಡು ಮಾರಾಯ, ನಿನ್ನನ್ನು ಮನೆಗೆ ಕಳಿಸಲು ಬಂದದ್ದಲ್ಲ. ಮೂರನೇ ಮೂಲೆಯ ಹತ್ತಿರ ನನಗೊಬ್ಬ ಬೇಕು. ಓಡಿ ಬಂದವನನ್ನು ಮನೆಗೆ ಬಿಡ್ಬೇಕಾ, ಅಲ್ಲೇ ನಿಲ್ಲಿಸ್ಬೇಕಾ ಅಂತ ಕೈ ತೋರಿಸುವವನು. ಆಟ ಗೊತ್ತಿದ್ದವನೇ ಆಗ್ಬೇಕು. ಆ ಹುಡುಗರಲ್ಲಿ ಯಾರಿಗೆ ಗೊತ್ತುಂಟು?"

"ಅಲ್ಲಿ ನೀವು ನಿಲ್ತೀರಲ್ಲ."

"ನಿಲ್ತೇನೆ."

ಪುಂಡರೀಕಾಕ್ಷ ಎಣ್ಣೆಯ ಬಾಟಲಿಯ ಮುಚ್ಚಳ ಹಾಕಿದ. "ಅಣ್ಣ, ಒಂದು ಹೇಳಿದರೆ ಸಿಟ್ಟು ಮಾಡ್ಬಾರದು. ಈ ವರ್ಷ ಮನೆಯ ಬಾಗಿಲಲ್ಲಿ ನಮ್ಮವರು ಎಷ್ಟು ಜನ ಔಟಾದರು, ನೀವು ನೋಡಿದ್ದೀರಿ. ಎಲ್ಲರನ್ನೂ ಕಳಿಸಿದ್ದು ನೀವು. ಚೆಂಡು ಎಲ್ಲೇ ಇರಲಿ, ನಿಮ್ಮದು ಒಂದೇ ಕೈ. ಹೋಗು, ಹೋಗು, ಆಗ್ತದೆ. ಕಲ್ಯಾಣ ಸ್ಟೇಷನ್ನಿನ ಹೊರಗೆ ಭಿವಂಡಿ ಭಿವಂಡಿ ಅಂತ ರಿಕ್ಷಾಕ್ಕೆ ಜನ ತುಂಬಿಸ್ತಾರಲ್ಲ, ಹಾಗೆ."

ನಲವತ್ತು ವರ್ಷ ಜಯಶೀಲರನ್ನು ಈ ಶಹರದಲ್ಲಿ ನಿಲ್ಲಿಸಿದ್ದೇ ಆ ಧೈರ್ಯ. ಆಗ್ತದೆ ಎನ್ನದಿದ್ದರೆ ಪಂಚಮಿಯ ಬಾಗಿಲೇ ತೆರೆಯುತ್ತಿರಲಿಲ್ಲ. ಆದರೆ ಮೈದಾನದಲ್ಲಿ ಅದು ಬೇರೆಯವರ ಕಾಲಿನ ಮೇಲೆ ಓಡುತ್ತಿತ್ತೆಂದು ಯಾರೂ ಹೇಳಿರಲಿಲ್ಲ.

"ಒಂದು ಕೆಲಸ ಮಾಡುವ," ಎಂದ ಪುಂಡರೀಕಾಕ್ಷ. "ನೀವು ಆ ಜಾಗದಿಂದ ಇಳಿಯುವುದಾದರೆ ನಾನು ಈ ಜಾಗದಿಂದ ಇಳೀತೇನೆ. ಆದರೆ ಅಲ್ಲಿ ಕೈ ನನ್ನದೊಂದೇ. ಬೆಂಚಿನಿಂದ ನಿಮ್ಮ ಕೈ ಎದ್ದದ್ದು ಕಂಡರೆ ನಾನು ಅಲ್ಲಿಂದಲೇ ಕಲ್ಯಾಣ ಗಾಡಿ ಹಿಡೀತೇನೆ."

"ಆಯ್ತು."

"ದೇವರಾಣೆ?"

"ದೇವರು ಯಾಕೆ ಮಾರಾಯ, ಹೇಳಿದ್ದೇನಲ್ಲ ಆಯ್ತು ಅಂತ."

ಒಳಗಿನಿಂದ ಚಹಾ ಬಂತು. ಇಬ್ಬರೂ ಕುಡಿದರು. ಹೋಟೆಲಿನವರ ನಾಲಗೆ ನೋಡಿ, ಚಹಾಕ್ಕೆ ಶುಂಠಿ ಜಾಸ್ತಿಯಾಗಿದೆ ಎಂದು ಹೇಳದೆ ಇರಲು ಜಯಶೀಲರಿಗೆ ಬಹಳ ಕಷ್ಟವಾಯಿತು.

ಶನಿವಾರ ಐರೋಲಿಯ ಮೈದಾನ. ಖಾಡಿಯ ಹಿನ್ನೀರಿನ ಕಡೆಯಿಂದ ಉಪ್ಪುಗಾಳಿ. ಪಂಚಮಿಯ ಗಿರಾಕಿಗಳು ಅರ್ಧದಷ್ಟು ಅಲ್ಲೇ ಇದ್ದರು. ಕಾಪು ಕಡೆಯವರು ಬೆಳಿಗ್ಗೆಯೇ ಬಂದು ಬೆಂಚನ್ನು ಪೂರ್ವಕ್ಕೆ ತಿರುಗಿಸಿದ್ದರಿಂದ ಆಟಗಾರರು ಮೈದಾನ ನೋಡಲು ಕತ್ತು ಹೊರಳಿಸಿ ಕೂರಬೇಕಾಗಿತ್ತು. ಪ್ರೇಮನಾಥ ಕಪ್ಪು ಕನ್ನಡಕ ಹಾಕಿ ಹಿಂದಿನ ಸಾಲಿನಲ್ಲಿ ಕೂತಿದ್ದರು.

ಜಯಶೀಲ ಸಾಲು ಕೂಗಿದರು. ಮೊದಲು ಕಾಲು ಚುರುಕಾದ ಇಬ್ಬರು. ಮೂರನೆಯವನು ಸೂರಜ್. ಪುಂಡರೀಕಾಕ್ಷನ ಹೆಸರು ಬರಲಿಲ್ಲ. ಅವನ ಬದಲಿಗೆ, ಒಂಬತ್ತರ ಸಾಲಿನ ಹೊರಗೆ ಬದಲಿ ಆಟಗಾರನಾಗಿ ವರ್ಷವಿಡೀ ಬೆಂಚು ಬಿಸಿ ಮಾಡಿದ್ದ ಯೋಗೀಶ್. ಬೆಂಚಿನಲ್ಲಿ ಎಲ್ಲರೂ ಪುಂಡರೀಕಾಕ್ಷನ ಕಡೆ ತಿರುಗಿದರು. ಅವನು ಟೊಪ್ಪಿ ಸರಿಮಾಡಿಕೊಂಡು, "ಎಂತ ನೋಡ್ತೀರಿ? ಮೂರನೇ ಮೂಲೆಯಲ್ಲಿ ನಾನಿರ್ತೇನೆ. ನಿಲ್ಲು ಅಂದರೆ ನಿಲ್ಬೇಕು, ರುಕ್ ಮತ್ಲಬ್ ರುಕ್" ಎಂದು ಸೂರಜ್‌ನ ಭುಜಕ್ಕೆ ಒಂದು ತಟ್ಟಿ ನಡೆದ.

ಆಟ ಹಗ್ಗದ ಹಾಗೆ ಅತ್ತ ಇತ್ತ ಎಳೆದಾಡಿತು. ಗರುಡದ ಹುಡುಗರು ಓಡಿದರು. ಅವರು ಇಷ್ಟು ಬೇಗ ಓಡಬಲ್ಲರೆಂದು ಡೊಂಬಿವಲಿಯವರಿಗೆ ಗೊತ್ತಾದದ್ದೇ ಅವತ್ತು. ಪನವೇಲಿನವರೂ ಬಿಡಲಿಲ್ಲ. ಕೊನೆಯ ಸರದಿಗೆ ಬರುವಾಗ ಎರಡೂ ಕಡೆ ರನ್ನು ಸಮ, ಬ್ಯಾಟು ಗರುಡದ ಕೈಯಲ್ಲಿ. ಒಂದು ರನ್ ಬಂದರೆ ಆಟ ಮುಗಿಯುತ್ತದೆ.

ಸೂರಜ್ ಹೊಡೆದ ಚೆಂಡು ಎಡಬೇಲಿಗೆ ಬಡಿಯಿತು. ಎರಡನೇ ಮೂಲೆಗೆ ಮುಟ್ಟಿ ನಿಂತ. ಅವನ ನಂತರದವನು ಔಟ್. ಆಮೇಲೆ ಬಂದವನು ಚೆಂಡನ್ನು ಮುಂದಕ್ಕೆ ತಳ್ಳಿ ಒಂದನೇ ಮೂಲೆಗೆ ಓಡಿದ. ಸೂರಜ್ ಮೂರನೇ ಮೂಲೆಯ ಕಡೆ ನುಗ್ಗಿದ. ಅವನ ಕಣ್ಣು ಆಗಲೇ ಮನೆಯ ಮೇಲಿತ್ತು.

ಬೆಂಚಿನಲ್ಲಿ ಜಯಶೀಲ ಎದ್ದು ನಿಂತಿದ್ದರು. ಬಲಗೈ ತನ್ನಷ್ಟಕ್ಕೆ ಏಳತೊಡಗಿತ್ತು. ಹೋಗು, ಆಗ್ತದೆ. ಅವರು ಆ ಕೈಯನ್ನು ಎಡಗೈಯಲ್ಲಿ ಹಿಡಿದು, ಕುಕ್ಕರಿಸಿ, ತೊಡೆಯ ಕೆಳಗೆ ಇಟ್ಟು ಅದರ ಮೇಲೆ ಕೂತುಬಿಟ್ಟರು.

ಮೂರನೇ ಮೂಲೆಯಲ್ಲಿ ಪುಂಡರೀಕಾಕ್ಷ ಎರಡೂ ಅಂಗೈ ಎತ್ತಿ ಗೋಡೆಯ ಹಾಗೆ ನಿಂತಿದ್ದ.

ಸೂರಜ್ ಎರಡು ಹೆಜ್ಜೆ ದಾಟಿದ್ದವನು ಜಾರಿ, ಕೈ ಊರಿ, ಹಿಂದಕ್ಕೆ ತೆವಳಿ ಮೂಲೆ ಮುಟ್ಟಿದ. ಮುಟ್ಟುವಾಗಲೇ ಚೆಂಡು ಮನೆ ಕಾಯುವವನ ಕೈಗವಸಿನಲ್ಲಿ ಟಪ್ ಎಂದು ಬಿದ್ದಿತ್ತು. ಹೋಗಿದ್ದರೆ ದಾರಿಯ ನಡುವೆಯೇ ಕತೆ ಮುಗಿಯುತ್ತಿತ್ತು. ಸೂರಜ್ ಮಣ್ಣು ಉಗುಳುತ್ತಾ ಮೇಲೆ ನೋಡಿದ.

"ಅರೇ ಅಣ್ಣಾ, ಹೋ ಜಾತಾ ಥಾ." ಆಗಿಬಿಡುತ್ತಿತ್ತಂತೆ.

"ಬೆಂಚಿನಲ್ಲಿರುವ ನಮ್ಮ ದೊಡ್ಡಣ್ಣನ ಗಾಳಿ ನಿನಗೂ ಬಡಿಯಿತಾ?" ಎಂದ ಪುಂಡರೀಕಾಕ್ಷ. "ಚುಪ್‌ಚಾಪ್ ನಿಲ್ಲು."

ಮುಂದೆ ಬಂದವನು ಯೋಗೀಶ್. ವರ್ಷವಿಡೀ ಬೆಂಚಿನಲ್ಲಿದ್ದ ಹುಡುಗ ಬ್ಯಾಟಿನ ಹಿಡಿಯನ್ನು ಎರಡು ಸಲ ಅಂಗಿಗೆ ಒರೆಸಿ ನಿಂತ. ಮೊದಲ ಚೆಂಡು ಬಿಟ್ಟ. ಎರಡನೆಯದಕ್ಕೆ ಬೀಸಿದ, ಸಿಗಲಿಲ್ಲ. ಮೂರನೆಯದು ಬ್ಯಾಟಿಗೆ ಸಿಕ್ಕಿ, ಇಬ್ಬರು ಕಾವಲುಗಾರರ ನಡುವಿನ ಸಂದಿಯಲ್ಲಿ ಹುಲ್ಲಿನ ಮೇಲೆ ಸರಸರನೆ ಹೋಯಿತು. ಪುಂಡರೀಕಾಕ್ಷ ಒಂದು ಕೈ ಬೀಸಿದ, ಮದುವೆ ಮನೆಯಲ್ಲಿ ಊಟಕ್ಕೆ ಏಳಿ ಎಂದು ಹೇಳುವ ಹಾಗೆ. ಸೂರಜ್ ಓಡಲೇಬೇಕಾಗಿರಲಿಲ್ಲ, ನಡೆದಿದ್ದರೂ ಸಾಕಿತ್ತು. ಆದರೂ ಓಡಿದ.

ಕೂಗು, ಶಿಳ್ಳೆ ಎಲ್ಲ ಆದವು. ಜಯಶೀಲರು ಮೇಲೆದ್ದಾಗ ಬಲಗೈ ಜೋಮು ಹಿಡಿದು ಅಲ್ಲಾಡಿಸಲಾಗುತ್ತಿರಲಿಲ್ಲ. ಪ್ರೇಮನಾಥ ಕನ್ನಡಕ ತೆಗೆದು ಬಂದು ಅದೇ ಕೈಯನ್ನು ಕುಲುಕಿದರು.

"ಐದನೇ ಸ್ಥಾನ ಜಯಣ್ಣ. ಆರರಲ್ಲಿ ಐದು. ಬೋರ್ಡು ಹಾಕಿಸುವ ಹಾಗಿಲ್ಲ."

"ಮುಂದಿನ ವರ್ಷ ಹಾಕಿಸುವ."

"ನಿಮಗೆ ಸಂಶಯ ಅಂತ ಬರುವುದೇ ಇಲ್ವಾ ಮಾರಾಯ್ರೆ?"

"ಬರ್ತದೆ. ಅದಕ್ಕೆ ಈಗ ಪುಂಡರೀಕನನ್ನು ಇಟ್ಟಿದ್ದೇನೆ."

ಸೂರಜ್ ವಾಶಿಯವರಿಗೆ ಏನು ಹೇಳಿದ ಎಂದು ಜಯಶೀಲ ಕೇಳಲಿಲ್ಲ. ಭಾನುವಾರ ಬೆಳಿಗ್ಗೆ ಅವನು ಕೋಪರಖೈರಣೆಯಿಂದ ಗಾಡಿ ಬದಲಿಸಿಕೊಂಡು ಶಾಲೆಯ ಮೈದಾನಕ್ಕೆ ಬಂದು, ಓಣಿಯ ಮಕ್ಕಳಿಗೆ ಚೆಂಡು ಹಾಕಿಕೊಡುತ್ತಾ ನಿಂತಿದ್ದ. ಅಷ್ಟರ ಮೇಲೆ ಕೇಳುವುದೇನಿದೆ.

ಸೋಮವಾರ ಪಂಚಮಿಯಲ್ಲಿ ಚರ್ಚೆ ಮತ್ತೆ ಶುರುವಾಯಿತು. ಗೆದ್ದದ್ದು ಸರಿ, ಆದರೆ ಇಡೀ ವರ್ಷ ಹಾಳಾದದ್ದು ಯಾಕೆ? ಕಾಪು ಕಡೆಯವರು ಬೆಂಚಿನ ವಿಷಯ ವಿವರವಾಗಿ ಹೇಳುತ್ತಿದ್ದರು. ಬ್ಯಾಂಕಿನವರು ಗಲ್ಲಾದ ಮುಂದೆ ನಿಂತು ನೇರ ಕೇಳಿದರು.

"ನೀವೇ ಹೇಳಿ ಸೇಠ್ರೆ, ಕಾರಣ ಎಂತ?"

"ನಾನೇ," ಎಂದರು ಜಯಶೀಲ, ಎಂದಿನ ಧೈರ್ಯದಲ್ಲೇ. "ನಿಮ್ಮ ಚಿಲ್ಲರೆ ಹಿಡೀರಿ. ಸಾಲು ತಪ್ಪಿತ್ತು. ಮೊದಲ ಮ್ಯಾಚಿನಲ್ಲಿ ನೋಡಿ, ಆ ಪುಂಡರೀಕ ಒಂದನೇ ಮೂಲೆಯಲ್ಲಿದ್ದಾಗ..." ಎಂದು ಶುರು ಮಾಡಿದವರು ಮೊದಲ ಪಂದ್ಯದಿಂದ ಎರಡನೆಯದಕ್ಕೆ, ಎರಡನೆಯದರಿಂದ ಮೂರನೆಯದಕ್ಕೆ ಬಂದರು. ಬ್ಯಾಂಕಿನವರ ಹಿಂದೆ ಬಿಲ್ಲು ಹಿಡಿದ ಜನರ ಸಾಲು ಬಾಗಿಲ ತನಕ ಬೆಳೆದಿತ್ತು. ಒಬ್ಬ ಗಡಿಯಾರ ನೋಡಿದ. ಇನ್ನೊಬ್ಬಳು, "ಕಾಕಾ, ಮಾಝೀ ಗಾಡೀ ಜಾಯೀಲ್" ಎಂದಳು. ಅವಳ ಗಾಡಿ ತಪ್ಪುತ್ತದಂತೆ.

ಪಾರ್ಸೆಲ್ ಕಿಟಕಿಯಿಂದ ಉಮಾವತಿಯ ದನಿ ಬಂತು, ಜೇನಿನ ಹಾಗೆ.

"ಹೌದಾ, ಒಳಗೆ ಹೋಗಿ ಚಟ್ನಿ ಒಮ್ಮೆ ರುಚಿ ನೋಡಿ ಬರ್ತೀರಾ? ಉಪ್ಪು ಮುಂದಾಗಿದಾ ಅಂತ ಸಂಶಯ."

ಜಯಶೀಲ ಕೂಡಲೇ ಎದ್ದರು. ಚಟ್ನಿಯ ವಿಷಯದಲ್ಲಿ ಅವರು ತಡ ಮಾಡುವವರಲ್ಲ. ಅಡುಗೆಮನೆಗೆ ಹೋಗಿ ಚಮಚದಲ್ಲಿ ತೆಗೆದು ನಾಲಗೆಗೆ ಇಟ್ಟರು. ಉಪ್ಪು ಸರಿಯಾಗಿತ್ತು. ಖಾರವೂ ಸರಿ. ಎಲ್ಲ ಸರಿಯಾಗಿತ್ತು. ಚನಿಯ ಸಾಂಬಾರಿನ ಹಂಡೆಯ ಪಕ್ಕ ನಿಂತು, ನಗು ತಡೆಯಲು ಬಾಯಿ ಬಿಗಿಹಿಡಿದು ಅವರನ್ನೇ ನೋಡುತ್ತಿದ್ದ.

ಅವರು ಹಿಂದಿರುಗಿ ನೋಡಿದರು. ಗಲ್ಲಾದಲ್ಲಿ ಉಮಾವತಿ ಕೂತಾಗಿತ್ತು. ಬಿಲ್ಲು ತೆಗೆದುಕೊಳ್ಳುವುದು ಒಂದು ಕೈ, ಚಿಲ್ಲರೆ ಕೊಡುವುದು ಇನ್ನೊಂದು ಕೈ, ಬಾಗಿಲ ತನಕ ಇದ್ದ ಸಾಲು ಸರಸರ ಸ್ಟೇಷನ್ನಿನ ಕಡೆ ಇಳಿಯುತ್ತಿತ್ತು.

ಜಯಶೀಲರು ಇನ್ನೊಂದು ಚಮಚ ಚಟ್ನಿ ತೆಗೆದುಕೊಂಡರು.

"ಎಂತ ಸೇಠ್ರೆ, ಉಪ್ಪು?" ಚನಿಯ ಕೇಳಿದ.

"ಇರು ಮಾರಾಯ," ಎಂದರು ಅವರು, ಹಂಡೆಯ ಪಕ್ಕದ ಡಬ್ಬ ಎಳೆದು ಕೂರುತ್ತಾ. "ಸಾಂಬಾರೂ ಸ್ವಲ್ಪ ಕೊಡು, ನೋಡುವ."